ಕಸುಬಿಗೊಂದು ಹೆಸರು



ರಾಯಚೂರಿನ ರೈಲು ನಿಲ್ದಾಣವು ಬಾಲ್ಯದಿಂದಲೂ ನನಗೊಂದು ಪಾಠಶಾಲೆಯಾಗಿದೆ. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಇಲ್ಲಿಯೇ. ಅಂದಿನಿಂದ ಈ ಸೀಮೆಯ ಬರಗಾಲಗಳೆಲ್ಲ ಈ ನಿಲ್ದಾಣದ ಮೂಲಕವೇ ಹಾದುಹೋಗಿವೆ. ದೇವದುರ್ಗದ ಕಡೆಯಿಂದ, ಮಾನ್ವಿಯ ಕಡೆಯಿಂದ ಬಸ್ಸಿನಲ್ಲಿ ಬಂದು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ಜೋಳದ ರೊಟ್ಟಿಯ ಬುತ್ತಿ ಹಿಡಿದು ರೈಲಿಗಾಗಿ ಕಾಯುವ ಸಂಸಾರಗಳನ್ನು ನೀವೂ ಕಂಡಿರಬಹುದು. ಇದಕ್ಕೆ ನಮ್ಮಲ್ಲಿ 'ಗುಳೆ' ಎಂದು ಹೆಸರು. ಗುಳೆ ಹೋಗುವವನು ತನ್ನೊಡನೆ ಒಯ್ಯುವುದು ತನ್ನ ರಟ್ಟೆಯನ್ನು ಮಾತ್ರ. ಅವನಿಗೆ ಎಲ್ಲಿ ಹೋದರೂ ಒಂದೇ ಕೆಲಸ: ಹೊರುವುದು, ಅಗೆಯುವುದು.

ಆದರೆ ಅದೇ ನಿಲ್ದಾಣದಲ್ಲಿ ಇನ್ನೊಂದು ಬಗೆಯ ಪ್ರಯಾಣಿಕನನ್ನೂ ನಾನು ಕಂಡಿದ್ದೇನೆ. ಹೊಸ ಅಂಗಿ, ಹೊಸ ಚೀಲ, ಅದರೊಳಗೆ ಪಾಸ್‌ಪೋರ್ಟು. ಈತ ಗುಳೆ ಹೋಗುವವನಲ್ಲ, ಕಸುಬು ಕಲಿತವನು. ವಿದ್ಯುತ್ ಕೆಲಸವನ್ನೋ ಬೆಸುಗೆಯನ್ನೋ ಕೊಳಾಯಿ ಜೋಡಿಸುವುದನ್ನೋ ಬಲ್ಲವನು. ಪರದೇಶದಲ್ಲಿ ತನ್ನ ವಿದ್ಯೆಗೆ ಬೆಲೆ ಬಂದೀತೆಂದು ಹೊರಟವನು. ಇಂದು ನಾನು ಮಾತನಾಡಬೇಕೆಂದಿರುವುದು ಇಂಥವನ ಕುರಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ತಂತಿ, ಬೆಸುಗೆಗಳ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿದೆ. ಅಂಥ ಒಬ್ಬ ತರುಣನಿಗಾದ ನಷ್ಟದಲ್ಲಿ ನನ್ನ ಪಾಲೂ ಇದೆ.

ಅದು 1996ರ ಮಾತು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ತಂದೆ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ಹುಡುಗ ರಾಯಚೂರಿನಲ್ಲಿ ಕೈಗಾರಿಕಾ ತರಬೇತಿ ಪಡೆದು, ಎರಡು ವರ್ಷಗಳ ಎಲೆಕ್ಟ್ರಿಷಿಯನ್ ಶಿಕ್ಷಣ ಮುಗಿಸಿದ್ದನು. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಆರಂಭವಾದ ಮೇಲೆ, ನಮ್ಮ ಸುತ್ತಿನ ಎಷ್ಟೋ ತರುಣರು ಅಲ್ಲಿಯ ಗುತ್ತಿಗೆದಾರರ ಕೈಕೆಳಗೆ ಕಸುಬಿನಲ್ಲಿ ಪಳಗಿದರು. ಈತನೂ ಅಲ್ಲಿ ಮೂರು ವರ್ಷ ದುಡಿದಿದ್ದನು. ದಪ್ಪ ಕೇಬಲ್ಲುಗಳನ್ನು ಬೆಸೆಯುವುದರಲ್ಲಿ ಅವನ ಕೈ ಅಚ್ಚುಕಟ್ಟು ಎಂದು ಬಲ್ಲವರು ಹೇಳುತ್ತಿದ್ದರು. ದೊಡ್ಡ ನಗರವೊಂದರ ಏಜೆಂಟನು ಅವನಿಗೆ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕೆಲಸ ಕೊಡಿಸುವೆನೆಂದು ಹಣ ಪಡೆದು, ವೀಸಾದ ಮುದ್ರೆ ಹಾಕಿಸಿಕೊಟ್ಟಿದ್ದನು. ಮುದ್ರೆಯಲ್ಲಿದ್ದುದು ಅರಬ್ಬಿ ಲಿಪಿ. ಹುಡುಗ ಅದನ್ನು ತಂದು ನನ್ನ ಮುಂದಿಟ್ಟನು.

ನನ್ನ ತಂದೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಅವರಿಂದ ನನಗೆ ಆ ಲಿಪಿಯ ಅಕ್ಷರಜ್ಞಾನ ತಕ್ಕಮಟ್ಟಿಗೆ ಬಂದಿತ್ತು. ವೃತ್ತಿಯ ಹೆಸರಿನ ಜಾಗದಲ್ಲಿ 'ಆಮಿಲ್' ಎಂದಿತ್ತು. ನನ್ನೊಳಗಿನ ಭಾಷಾ ಪಂಡಿತ ಎಚ್ಚೆತ್ತನು. 'ಅಮಲ್' ಎಂಬ ಧಾತುವಿನಿಂದ ಬಂದ ಪದವಿದು. ನಮ್ಮ 'ಅಮಲಿಗೆ ತರು', ಹಳೆಯ ಮೈಸೂರಿನ 'ಅಮಲ್ದಾರ' ಎಲ್ಲವೂ ಇದರ ಬಳಗವೇ. ಉರ್ದುವಿನಲ್ಲಿ ಆಮಿಲ್ ಎಂದರೆ ಅಧಿಕಾರಿ ಎಂದೂ ಅರ್ಥವಿದೆ ಎಂದು ವಿವರಿಸಿದೆ. "ಒಳ್ಳೆಯ ಪದವೇ ಇದೆಯಪ್ಪ, ಹೋಗಿ ಬಾ" ಎಂದೆ. ಹುಡುಗ ನನ್ನ ಕಾಲು ಮುಟ್ಟಿ ಹೊರಟನು. ಪ್ರಯಾಣದ ಹಣಕ್ಕಾಗಿ ತಾಯಿಯ ಕೊರಳ ಬಂಗಾರವನ್ನು ಆ ಮೊದಲೇ ಅಡವಿಟ್ಟಿದ್ದರು.

ನಾಲ್ಕು ತಿಂಗಳ ಮೇಲೆ ಪತ್ರ ಬಂದಿತು. ಕ್ಷೇಮಸಮಾಚಾರದ ಕೆಳಗೆ ಒಂದೇ ಸಾಲು: "ಸರ್, ಇಲ್ಲಿ ಆಮಿಲ್ ಅಂದರೆ ಅಮಲ್ದಾರ ಅಲ್ಲ, ಕೂಲಿ."

ಅರಬ್ಬಿಯಲ್ಲಿ ಅಮಲ್ ಎಂದರೆ ಕೆಲಸ. ಆಮಿಲ್ ಎಂದರೆ ಕೆಲಸಗಾರ, ಅಷ್ಟೆ. ವೀಸಾದ ಮೇಲೆ ಬೇರೆ ವಿಶೇಷಣವಿಲ್ಲದೆ ಆ ಒಂದೇ ಪದವಿದ್ದರೆ, ಯಾವ ಕಸುಬೂ ಇಲ್ಲದ ಸಾಮಾನ್ಯ ಕೂಲಿಯವನೆಂದೇ ಲೆಕ್ಕ. ಒಂದೇ ಪದ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗುವಾಗ ಅರ್ಥದಲ್ಲಿ ಏರುವುದೂ ಉಂಟು, ಇಳಿಯುವುದೂ ಉಂಟು. ಇದನ್ನು ತರಗತಿಯಲ್ಲಿ ನಾನು ವರ್ಷವರ್ಷವೂ ಹೇಳುತ್ತಿದ್ದೆ. ಹೇಳಿದ್ದನ್ನು ನೆನೆಯಬೇಕಾದ ದಿನ ನೆನೆಯಲಿಲ್ಲ. ನನಗೆ ತಿಳಿಯದೆಂದು ಒಪ್ಪಿಕೊಂಡು, ಅರಬ್ಬಿ ಬಲ್ಲ ಒಬ್ಬ ಮೌಲವಿಯವರ ಬಳಿಗೆ ಅವನನ್ನು ಕಳುಹಿಸಿದ್ದರೆ ಸಾಕಾಗಿತ್ತು. ರಾಯಚೂರಿನಲ್ಲಿ ಅಂಥವರಿಗೆ ಬರವಿರಲಿಲ್ಲ.

ಆ ಹುಡುಗ ಎರಡು ವರ್ಷ ಅಲ್ಲಿ ಮಾಡಿದ್ದೇನು? ಕೇಬಲ್ ಹೂಳುವುದಕ್ಕೆ ಕಂದಕ ತೋಡಿದ. ಆ ಕೇಬಲ್ಲನ್ನು ಬೆಸೆಯಬಲ್ಲವನು ಅದಕ್ಕಾಗಿ ಮಣ್ಣು ಅಗೆದ. ಒಮ್ಮೆ ವಿದ್ಯುತ್ ಹಂಚಿಕೆಯ ಪೆಟ್ಟಿಗೆಯೊಂದು ಕೆಟ್ಟು ನಿಂತಾಗ ಈತನು ದೋಷವನ್ನು ಕಂಡುಹಿಡಿದನಂತೆ. ಕೇರಳದ ಮೇಸ್ತ್ರಿಯೊಬ್ಬರು ಅದನ್ನು ಕಂಡು, ಅಂದಿನಿಂದ ಬಲ್ಲವರ ಕೆಲಸಕ್ಕೆ ಇವನನ್ನು ಕರೆಯತೊಡಗಿದರು. ಕೆಲಸ ಬದಲಾಯಿತು, ಕೂಲಿ ಬದಲಾಗಲಿಲ್ಲ. "ನಿನ್ನ ಕೈಯನ್ನು ನಾನು ಬಲ್ಲೆ, ಸಂಬಳ ಕೊಡುವವರು ನಿನ್ನ ಕಾಗದವನ್ನು ಮಾತ್ರ ಬಲ್ಲರು" ಎಂದು ಮೇಸ್ತ್ರಿ ಹೇಳಿದರಂತೆ. ಪಾಸ್‌ಪೋರ್ಟು ಕೆಲಸ ಕೊಟ್ಟವರ ಬಳಿಯಲ್ಲಿತ್ತು. ಕಸುಬು ಕಲಿತು ಗುಳೆಯಿಂದ ಪಾರಾಗಿದ್ದವನನ್ನು ಒಂದು ಪದ ಮತ್ತೆ ಗುಳೆಗೆ ನೂಕಿತ್ತು.

ಕೆಲವರು ಇದನ್ನು ಕೇಳಿ, ಕೈಯಲ್ಲಿ ವಿದ್ಯೆ ಇದ್ದರೆ ಸಾಲದೆ, ಕಾಗದದ ಕಾಟವೇಕೆ ಎನ್ನುತ್ತಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ನಮ್ಮ ಸೀಮೆಯಲ್ಲೇ ನೋಡಿ: ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆ ನೀರು ಸಿಂಧನೂರು, ಮಾನ್ವಿಗಳ ಕಡೆಗೆ ಹರಿದ ಮೇಲೆ, ಆಂಧ್ರದ ಕರಾವಳಿಯಿಂದ ರೈತರು ಬಂದು 'ಕ್ಯಾಂಪು'ಗಳನ್ನು ಕಟ್ಟಿಕೊಂಡರು. ನೀರಾವರಿಯ ಭತ್ತದ ಬೇಸಾಯ ಅವರಿಗೆ ಕರಗತವಾಗಿತ್ತು. ಜೋಳ ಬೆಳೆಯುವ ನಮಗೆ ಅದು ಹೊಸದು. ಅವರ ಬಳಿ ನಾವು ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಒಂದು ಸುಗ್ಗಿ ಕಳೆಯುವುದರೊಳಗೆ ಗದ್ದೆಯೇ ಸಾಕ್ಷಿ ನುಡಿಯಿತು.

ಆದರೆ ಗದ್ದೆಯ ಭತ್ತ ಕಣ್ಣಿಗೆ ಕಾಣುತ್ತದೆ. ಗೋಡೆಯೊಳಗಿನ ತಂತಿ ಕಾಣುವುದಿಲ್ಲ. ಅದರಲ್ಲಿ ತಪ್ಪಾದರೆ ಗೊತ್ತಾಗುವುದು ಮನೆಗೆ ಬೆಂಕಿ ಬಿದ್ದ ದಿನ. ಅಲ್ಲದೆ ಕಸುಬಿನ ಕಟ್ಟಳೆಗಳೂ ದೇಶದಿಂದ ದೇಶಕ್ಕೆ ಬೇರೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟು, ಸೆಕೆಂಡಿಗೆ 50 ಆವರ್ತನ. ಸೌದಿ ಅರೇಬಿಯದಲ್ಲಿ ಆವರ್ತನ 60. ಕೆನಡಾದ ಮನೆಗಳಲ್ಲಿ ಸಾಮಾನ್ಯ ದೀಪಕ್ಕೆ 120 ವೋಲ್ಟು. ಇದಕ್ಕಿಂತ ಮುಖ್ಯವಾದುದು ತಂತಿಯ ಬಣ್ಣ. ನಮ್ಮಲ್ಲಿ ರೂಢಿಯಾಗಿ ಕಪ್ಪು ತಂತಿ ಎಂದರೆ ನ್ಯೂಟ್ರಲ್, ಕೆಂಪು ಎಂದರೆ ಹರಿವುಳ್ಳದ್ದು. ಕೆನಡಾ, ಅಮೆರಿಕಗಳಲ್ಲಿ ಕಪ್ಪು ತಂತಿಯೇ ಹರಿವುಳ್ಳದ್ದು, ನ್ಯೂಟ್ರಲ್ ಬಿಳಿಯದು. ಇಲ್ಲಿಯ ಕೈರೂಢಿಯನ್ನೇ ನಂಬಿ ಅಲ್ಲಿ ಕೈಯಿಟ್ಟವನ ಗತಿಯೇನು? ಆದ್ದರಿಂದ ಹೊಸ ದೇಶ "ನಿನ್ನನ್ನು ಪರೀಕ್ಷಿಸುತ್ತೇನೆ" ಎಂದರೆ ಅದು ಅವಮಾನವಲ್ಲ. ಜರ್ಮನಿ 2012ರಲ್ಲಿ ಒಂದು ಕಾನೂನನ್ನೇ ಮಾಡಿ, ಹೊರದೇಶದಲ್ಲಿ ಕಲಿತ ಕಸುಬನ್ನು ತನ್ನ ದೇಶದ ಕಸುಬಿನೊಡನೆ ತೂಗಿ ನೋಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಕೊರತೆಯಿದ್ದರೆ ಎಲ್ಲಿ, ಎಷ್ಟು ಎಂಬುದು ಬರಹದಲ್ಲಿ ದೊರೆಯುತ್ತದೆ. ಅಷ್ಟನ್ನು ಕಲಿತು ತುಂಬಿಕೊಳ್ಳಬಹುದು. ಸೌದಿ ಅರೇಬಿಯವೂ ಈಚಿನ ವರ್ಷಗಳಲ್ಲಿ ಹಲವು ಕಸುಬುಗಳವರನ್ನು ವೀಸಾ ಕೊಡುವ ಮೊದಲು ನಮ್ಮ ದೇಶದಲ್ಲೇ ಪರೀಕ್ಷಿಸುವ ಏರ್ಪಾಡನ್ನು ಮಾಡಿದೆ. ತೂಗಿ ನೋಡುವುದು ನ್ಯಾಯ; ತೂಗದೆಯೇ ಕೂಲಿ ಎಂದು ಬರೆಯುವುದು ಅನ್ಯಾಯ.

ಹಾಗಾದರೆ ಹೊರಡುವವನು ಮಾಡಬೇಕಾದುದೇನು? ಮೊದಲನೆಯದು, ತನ್ನ ಕಸುಬಿನ ಹೆಸರನ್ನು ತಾನೇ ಖಚಿತವಾಗಿ ತಿಳಿಯುವುದು. ನಮ್ಮ ಹಳ್ಳಿಗಳಲ್ಲಿ ಲೈನ್‌ಮನ್, ವೈರ್‌ಮನ್, ಎಲೆಕ್ಟ್ರಿಷಿಯನ್, ಮೋಟಾರು ಕಟ್ಟುವವನು ಎಲ್ಲರೂ 'ಕರೆಂಟಿನವರು'. ಪರದೇಶದ ಕಚೇರಿಯಲ್ಲಿ ಇವು ಬೇರೆ ಬೇರೆ ಕಸುಬು, ಬೇರೆ ಬೇರೆ ಸಂಬಳ. ಎರಡನೆಯದು, ಪ್ರಮಾಣಪತ್ರ. ತರಬೇತಿ ಸಂಸ್ಥೆಯ ಮೆಟ್ಟಿಲು ಹತ್ತದೆ, ಮೇಸ್ತ್ರಿಯ ಕೈಕೆಳಗೆ ಕಲಿತವರನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರಲ್ಲಿ ಆರಂಭವಾದ ಕೇಂದ್ರದ ಕೌಶಲ ಯೋಜನೆಯಲ್ಲಿ ಸೇರಿತು. ಮೂರನೆಯದು, ಏಜೆಂಟನ ನೋಂದಣಿ. 1983ರ ವಲಸೆ ಕಾಯಿದೆಯಂತೆ, ನೋಂದಣಿಯಿಲ್ಲದೆ ಪರದೇಶಕ್ಕೆ ಆಳು ಕಳುಹಿಸುವುದು ಅಪರಾಧ; ನೋಂದಾಯಿತ ಏಜೆಂಟನೂ ಕೆಲಸಗಾರನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನಾಲ್ಕನೆಯದು, ಕರಾರಿನಲ್ಲಿರುವ ಕಸುಬಿನ ಹೆಸರು ಮತ್ತು ವೀಸಾದಲ್ಲಿರುವ ಹೆಸರು ಒಂದೇ ಆಗಿರಬೇಕು. ಬೇರೆಯಾಗಿದ್ದರೆ, "ಅಲ್ಲಿ ಹೋದ ಮೇಲೆ ಸರಿಪಡಿಸುತ್ತಾರೆ" ಎಂಬ ಮಾತನ್ನು ನಂಬಬಾರದು. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಸರ್ಕಾರದ ವಲಸೆ ಅನುಮತಿ ಬೇಕಿಲ್ಲವೆಂಬುದು ನಿಜ. ಅವರ ಕರಾರನ್ನು ನೋಡುವ ಸರ್ಕಾರಿ ಕಣ್ಣು ಒಂದು ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ. ಅಂಥವರು ತಮ್ಮ ಕಣ್ಣನ್ನೇ ಹೆಚ್ಚು ತೆರೆದಿಟ್ಟುಕೊಳ್ಳಬೇಕು.

ಆ ಹುಡುಗನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದೆ. ಅವನು 1998ರಲ್ಲಿ ಊರಿಗೆ ಮರಳಿದನು. ಬಂಗಾರ ಬಿಡಿಸಿಕೊಳ್ಳುವಷ್ಟು ಹಣ ಮಾತ್ರ ಉಳಿದಿತ್ತು. ಎರಡು ವರ್ಷ ಇಲ್ಲಿಯೇ ದುಡಿದು, ಪ್ರಮಾಣಪತ್ರಗಳಿಗೆ ಬೇಕಾದ ಮುದ್ರೆಗಳನ್ನೆಲ್ಲ ಹಾಕಿಸಿಕೊಂಡು, ಈ ಸಲ ಮಸ್ಕತ್ತಿಗೆ ಹೊರಟನು. ಹೊರಡುವ ಮುನ್ನ ಮತ್ತೆ ನನ್ನ ಮನೆಗೆ ಬಂದು ಪಾಸ್‌ಪೋರ್ಟನ್ನು ತೆರೆದು ತೋರಿಸಿದನು. ನನ್ನಿಂದ ಅರ್ಥ ಕೇಳುವುದಕ್ಕಲ್ಲ. ಅರ್ಥವನ್ನು ಅವನೇ ಕೇಳಿ ತಿಳಿದುಕೊಂಡು ಬಂದಿದ್ದನು. ಮುದ್ರೆಯಲ್ಲಿ 'ಕಹ್ರಬಾಯಿ' ಎಂದಿತ್ತು. ವಿದ್ಯುತ್ ಕಸುಬಿನವನು ಎಂದರ್ಥ. ಆ ಪದದ ಮೂಲವಾದ 'ಕಹರುಬಾ' ಪಾರಸಿಯಲ್ಲಿ ಹುಲ್ಲುಕಡ್ಡಿಯನ್ನು ಸೆಳೆಯುವ ರಾಳದ ಹೆಸರು ಎಂಬುದು ನನಗೆ ಗೊತ್ತಿತ್ತು. ಬಾಯಿಗೆ ಬಂದುದನ್ನು ನುಂಗಿಕೊಂಡೆ. ಆ ದಿನ ಅವನ ಮುಂದೆ ನಿರುಕ್ತ ಹೇಳುವ ಯೋಗ್ಯತೆ ನನಗಿರಲಿಲ್ಲ.

ಅವನೀಗ ಊರಿಗೆ ಮರಳಿ, ದೇವದುರ್ಗದಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಪರದೇಶಕ್ಕೆ ಹೋಗಬೇಕೆನ್ನುವ ಹುಡುಗರು ಅವನಲ್ಲಿ ಕೆಲಸ ಕಲಿಯುತ್ತಾರೆ. ಆತ ನನ್ನನ್ನು ಒಂದು ದಿನವೂ ದೂರಿದ್ದಿಲ್ಲ. ಹಬ್ಬಕ್ಕೆ ಬಂದು ನಮಸ್ಕರಿಸಿ ಹೋಗುತ್ತಾನೆ. ಅವನು ಎರಡು ಮಾತು ಬೈದಿದ್ದರೆ ನನ್ನ ಮನಸ್ಸು ಇನ್ನಷ್ಟು ಹಗುರಾಗುತ್ತಿತ್ತೋ ಏನೋ. ಕಳೆದ ವರ್ಷ ಅವನು ಕಳುಹಿಸಿದ ಹುಡುಗನೊಬ್ಬ ಒಂದು ಕರಾರುಪತ್ರವನ್ನು ಹಿಡಿದು ನನ್ನ ಬಳಿ ಬಂದನು. ಇಂಗ್ಲಿಷಿನ ಭಾಗವನ್ನು ಓದಿ ಹೇಳಿದೆ. ಅರಬ್ಬಿಯ ಭಾಗ ಬಂದಾಗ, "ಇದು ನನಗೆ ಬಾರದಪ್ಪ, ಬರುವವರಲ್ಲಿಗೆ ಹೋಗೋಣ" ಎಂದು ಚಪ್ಪಲಿ ಮೆಟ್ಟಿಕೊಂಡು ಅವನೊಡನೆ ಹೊರಟೆ.



(ಬಾನುಲಿ ಭಾಷಣ)