ಆಳಿನ ಜೊತೆ ಆಟ ನೋಡಿದ ಹುಡುಗ

(ಶಿರಸಿಯ ಸಭೆಯಲ್ಲಿ ಆಡಿದ ಮಾತು)



ಸಿದ್ದಾಪುರ, ಯಲ್ಲಾಪುರದ ಕೇರಿಗಳಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಗಿರೀಶ್ ಕಾರ್ನಾಡರ ಸಿನಿಮಾ ಬಗ್ಗೆ ಮಾತಾಡ್ತೇವೆ ಅಂದಾಗ ನಮ್ಮೊಳಗೇ ಕೆಲವರು ಸಿಟ್ಟಾದರು. 'ಮೇಲ್ಜಾತಿಯವರ ಸಿನಿಮಾ ಕಟ್ಟಿಕೊಂಡು ನಮಗೇನಾಗಬೇಕು?' ಅಂದರು. ನ್ಯಾಯವಾದ ಪ್ರಶ್ನೆ. ಅದನ್ನು ಬದಿಗಿಟ್ಟು ಮಾತಾಡೋದಿಲ್ಲ.

1938ರಲ್ಲಿ ಮಾಥೇರಾನದಲ್ಲಿ ಹುಟ್ಟಿದ ಕಾರ್ನಾಡರ ಬಾಲ್ಯ ಕಳೆದದ್ದು ಇದೇ ಶಿರಸಿಯಲ್ಲಿ. ತಂದೆ ಡಾಕ್ಟರು. ತಾಯಿ ಎಳೆವಯಸ್ಸಿನಲ್ಲೇ ವಿಧವೆಯಾಗಿ ಮರುಮದುವೆಯಾದವರು. ಕಂಪನಿ ನಾಟಕಕ್ಕೆ ಹುಡುಗ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದ. ಯಕ್ಷಗಾನಕ್ಕೆ ಹೋಗುತ್ತಿದ್ದದ್ದು ಮನೆಯ ಆಳುಗಳ ಜೊತೆ. ಇದನ್ನು ಅವರೇ ಬರೆದುಕೊಂಡಿದ್ದಾರೆ. ಈ ಒಂದು ಸಂಗತಿ ನಮ್ಮನ್ನು ಬಿಡದೆ ಕಾಡ್ತದೆ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಬಂತು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದವರು ಕಾರ್ನಾಡರು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ಸ್ವರ್ಣ ಕಮಲ ಬಂತು. ಮರುವರ್ಷ ಬಿ.ವಿ. ಕಾರಂತರ ಜೊತೆ 'ವಂಶವೃಕ್ಷ' ನಿರ್ದೇಶಿಸಿದರು. ವಿಧವೆಯ ಮರುಮದುವೆಯ ಕಥೆ. ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. 1973ರಲ್ಲಿ ಆಲನಹಳ್ಳಿ ಶ್ರೀಕೃಷ್ಣರ 'ಕಾಡು' ತೆಗೆದರು. 1974-75ರಲ್ಲಿ ಪುಣೆಯ ಫಿಲಂ ಸಂಸ್ಥೆಯ ನಿರ್ದೇಶಕರಾಗಿದ್ದರು. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಶಂಕರ್ ನಾಗ್ ಬೆಳಕಿಗೆ ಬಂದರು. ದೊಡ್ಡ ಬಂಡವಾಳ, ಮಾರುಕಟ್ಟೆಯ ಕುಣಿತ ಎರಡೂ ಇಲ್ಲದೆ ಸಿನಿಮಾ ಆಗ್ತದೆ ಅಂತ ತೋರಿಸಿದರು. ಇದು ಸಣ್ಣ ಕೆಲಸ ಅಲ್ಲ.

ಈಗ ನಮ್ಮ ಲೆಕ್ಕ.

'ಸಂಸ್ಕಾರ'ದಲ್ಲಿ ಅಗ್ರಹಾರದ ಒಂದು ಹೆಣ ಯಾರು ಸುಡಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಅನಂತಮೂರ್ತಿಯವರ ಕಾದಂಬರಿಯಲ್ಲಿ ಹೊಲೆಗೇರಿಯಲ್ಲೂ ಜನ ಸಾಯ್ತಾರೆ. ಅವರ ಹೆಣಕ್ಕೆ ಶಾಸ್ತ್ರವೂ ಇಲ್ಲ, ಚರ್ಚೆಯೂ ಇಲ್ಲ. ಗುಡಿಸಲಿಗೇ ಬೆಂಕಿ. ಆ ಬೆಂಕಿಯ ಮುಂದೆ ಕೂತು ತೆಗೆದ ಸಿನಿಮಾ ಎಲ್ಲಿದೆ?

'ಕಾಡು' ಒಬ್ಬ ಹುಡುಗನ ಕಣ್ಣಲ್ಲಿ ಕಂಡ ಎರಡು ಊರಿನ ದ್ವೇಷ. ಒಳ್ಳೆಯ ಚಿತ್ರ. ಆದರೆ ನಮ್ಮ ಕಾಡೇ ಬೇರೆ. ಅಡಿಕೆ ತೋಟದ ಒಡೇರಿಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಕಾಗದದಲ್ಲಿದೆ. ಆ ಸೊಪ್ಪು ಕಡಿದು ಹೊತ್ತ ತಲೆಗಳ ಹೆಸರು ಯಾವ ಕಾಗದದಲ್ಲಿದೆ?

1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು. ಬೇಸಾಯದ ಆಸೆಯಲ್ಲೇ ಸತ್ತ ಚೋಮ ನಮ್ಮವ. ಅವನ ಕಥೆ ಬರೆದವರು, ಸಿನಿಮಾ ಮಾಡಿದವರು, ಚೋಮನಾಗಿ ನಟಿಸಿದವರು ನಮ್ಮವರಲ್ಲ. ನೋಡಿ ನಮ್ಮ ಅಪ್ಪಂದಿರು ಅತ್ತಿರಬಹುದು. ಅಳೋದಕ್ಕೆ ಮಾತ್ರ ನಮ್ಮನ್ನು ಕರೆದದ್ದು ಸಾಕು.

ಹಾಗಂತ ಕಾರ್ನಾಡರನ್ನು ತಳ್ಳಿಹಾಕೋದು ನಮಗೆ ಸರಿ ಕಾಣೋದಿಲ್ಲ. 2018ರಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡೇ, 'ನಾನೂ ನಗರ ನಕ್ಸಲ' ಅನ್ನೋ ಫಲಕ ಕೊರಳಿಗೆ ಹಾಕಿ ಕೂತವರು ಅವರು. 2019ರ ಜೂನ್ 10ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಶಾಸ್ತ್ರವೂ ಇಲ್ಲ, ಸರ್ಕಾರಿ ಗೌರವವೂ ಇಲ್ಲ. ಪರದೆಯ ಮೇಲೆ ಪ್ರಾಣೇಶಾಚಾರ್ಯನಿಗೆ ಆಗದೇ ಹೋದ ತೀರ್ಮಾನವನ್ನು ತನ್ನ ಹೆಣದ ವಿಷಯದಲ್ಲಿ ತಾವೇ ಮಾಡಿ ಹೋದರು. ಇದಕ್ಕೆ ನಾವು ಕೈ ಮುಗೀತೇವೆ. ಆದರೆ ಕೈ ಮುಗಿದು ಸುಮ್ಮನೆ ಕೂರೋದಿಲ್ಲ.

ಗಡಿಯಾಚೆ ಸೋಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2013ರಲ್ಲಿ 'ಫಂಡ್ರಿ' ಮಾಡಿದರು. ಹಂದಿ ಹಿಡಿಯುವ ಮನೆಯ ಹುಡುಗ ಕೊನೆಗೆ ಎಸೆದ ಕಲ್ಲು ನೋಡುವವರ ಮುಖಕ್ಕೇ ಬಂತು. ನಮ್ಮವರೇ ಕ್ಯಾಮೆರಾ ಹಿಡಿದರೆ ಏನಾಗ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಆ ಹುಡುಗನನ್ನು ಆಟಕ್ಕೆ ಕರೆದುಕೊಂಡು ಹೋದ ಆಳುಗಳೂ ಅದೇ ಆಟ ನೋಡಿದ್ದರು. ರಾತ್ರಿಯೆಲ್ಲ ಎದ್ದಿದ್ದರು. ಬೆಳಗಾದ ಮೇಲೆ ಹುಡುಗ ಶಾಲೆಗೆ ಹೋದ, ಅವರು ಕೆಲಸಕ್ಕೆ ಹೋದರು. ಅಂತರ ಇದ್ದದ್ದು ಅಲ್ಲಿ. ಕಣ್ಣಿನಲ್ಲಿ ಅಲ್ಲ, ಬುದ್ಧಿಯಲ್ಲೂ ಅಲ್ಲ.

ಇವತ್ತು ನಾವು ಶಾಲೆಗೆ ಹೋಗಿದ್ದೇವೆ. ಕಿಸೆಯಲ್ಲಿ ಫೋನಿದೆ, ಅದರಲ್ಲೇ ಕ್ಯಾಮೆರಾ ಇದೆ. ಮನೆಗೆ ಹೋದವರು ಅಜ್ಜಿಯ ಮುಂದೆ ಕೂತು ಕೇಳಿ. ಯಾರ ತೋಟಕ್ಕೆ ಸೊಪ್ಪು ಹೊತ್ತೆ, ಆಟಕ್ಕೆ ಹೋದಾಗ ನಿನ್ನನ್ನು ಎಲ್ಲಿ ಕೂರಿಸಿದರು ಅಂತ. ಅವಳು ಹೇಳಿದ್ದನ್ನು ಹಿಡಿದಿಡಿ. ನಮ್ಮ ಸಿನಿಮಾ ಅಲ್ಲಿಂದ ಶುರು.

ಜೈ ಭೀಮ್.