ವಾಕಿಂಗ್‌ಗೆ ಮೊದಲು ತಿನ್ನಬೇಕೇ, ಆಮೇಲೆ ತಿನ್ನಬೇಕೇ?

(ಸಂಘದ ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಮಾತಿನ ಲಿಖಿತ ರೂಪ)



ನಾನು ಡಾಕ್ಟರಲ್ಲ, ಡಯಟೀಷಿಯನ್ ಕೂಡ ಅಲ್ಲ. ಮೂವತ್ತೈದು ವರ್ಷ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಲೆಕ್ಕ ಬರೆದವಳು. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ನನ್ನ ಅನುಭವ, ಇನ್ನರ್ಧ ನನ್ನ ಡಾಕ್ಟರ್ ಮತ್ತು ಡಯಟೀಷಿಯನ್ ತಾಳ್ಮೆಯಿಂದ ನನ್ನ ತಲೆಗೆ ತುಂಬಿದ್ದು. ಔಷಧ ತೆಗೆದುಕೊಳ್ಳುವವರು ನನ್ನ ಮಾತು ಕೇಳಿ ಏನನ್ನೂ ಬದಲಿಸಬೇಡಿ, ನಿಮ್ಮ ಡಾಕ್ಟರರನ್ನು ಕೇಳಿಯೇ ಬದಲಿಸಿ. ಇದನ್ನು ಮೊದಲೇ ಹೇಳಲು ಕಾರಣವಿದೆ. ನಾನು ಹಾಗೆ ಕೇಳದೆ ಮಾಡಿದ್ದರಿಂದಲೇ ಈ ಮಾತು ಹುಟ್ಟಿದ್ದು.

2019ರ ಜೂನ್ ತಿಂಗಳು. ನನಗೆ ಐವತ್ತೇಳು, ತೂಕ 78 ಕಿಲೋ. ಸಕ್ಕರೆ ಕಾಯಿಲೆ ಆರು ವರ್ಷದಿಂದ, ಥೈರಾಯ್ಡ್ ಅದಕ್ಕಿಂತ ಹಿಂದಿನಿಂದ. ಆಗ ಮಹಾರಾಷ್ಟ್ರದ ತುಂಬ ಲಾತೂರಿನ ಡಾ. ಜಗನ್ನಾಥ ದೀಕ್ಷಿತರ ಮಾತೇ ಮಾತು. ನಿಮಗೆಲ್ಲ ನೆನಪಿರಬಹುದು: ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ ಮುಗಿಯಬೇಕು, 45 ನಿಮಿಷದಲ್ಲಿ ನಾಲ್ಕೂವರೆ ಕಿಲೋಮೀಟರ್ ನಡಿಗೆ. ನಮ್ಮ ಡೊಂಬಿವಲಿ ಸೊಸೈಟಿಯಲ್ಲಿ ಎದುರುಮನೆಯ ಮರಾಠಿ ವಹಿನಿ ಆರು ಕಿಲೋ ಇಳಿಸಿದ್ದರು. ನನಗೂ ಹುರುಪು ಬಂತು. ಆ ಪದ್ಧತಿಯಲ್ಲಿ ಮೊದಲು ರಕ್ತಪರೀಕ್ಷೆ ಮಾಡಿಸಬೇಕು, ಮಾತ್ರೆ ಇದ್ದವರು ಡಾಕ್ಟರರ ಕಣ್ಣಳತೆಯಲ್ಲೇ ಮಾಡಬೇಕು ಎಂಬುದೂ ಇದೆ. ಆ ಭಾಗವನ್ನು ನಾನು ಬಿಟ್ಟೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಅದು ಇರಲಿಲ್ಲ ಅಂತ ಇಟ್ಟುಕೊಳ್ಳೋಣ.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೆ. ಮತ್ತೆ ಮರೆತುಹೋದೀತೆಂದು ಸಕ್ಕರೆಯ ಎರಡು ಮಾತ್ರೆಗಳನ್ನೂ ಅದರ ಜೊತೆಗೇ. 45 ನಿಮಿಷ ಬಿರುಸಾಗಿ ನಡೆದು ಬಂದು, ನಾಲ್ಕು ಜನರ ಡಬ್ಬಾ ಕಟ್ಟಿ, ಸ್ನಾನ ಮಾಡಿ, ಏನೂ ತಿನ್ನದೆ ಫಾಸ್ಟ್ ಲೋಕಲ್ ಹಿಡಿಯುತ್ತಿದ್ದೆ. ಮೊದಲ ಊಟ ಹನ್ನೊಂದೂವರೆಗೆ, ಬ್ಯಾಂಕಿನಲ್ಲಿ. ಒಂಬತ್ತು ದಿನ ಏನೂ ಆಗಲಿಲ್ಲ. ಒಂದೂವರೆ ಕಿಲೋ ಇಳಿಯಿತು, ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿದೆ.

ಹತ್ತನೆಯ ದಿನ ಲೇಡೀಸ್ ಡಬ್ಬಿಯಲ್ಲಿ ಬಾಗಿಲಿನ ಹತ್ತಿರ ನಿಂತಿದ್ದೆ. ಡೊಂಬಿವಲಿಯಲ್ಲಿ ಹತ್ತುವವರಿಗೆ ಒಳಗೆ ಜಾಗ ಎಲ್ಲಿ ಸಿಗಬೇಕು! ಕೈ ನಡುಗಲು ಶುರುವಾಯಿತು, ಕುತ್ತಿಗೆಯಿಂದ ಬೆವರು ಇಳಿಯಿತು. ಸೆಕೆ ಎಂದುಕೊಂಡೆ. ಕಣ್ಣಿಗೆ ಕತ್ತಲು ಬಂದಾಗ ಪಾರ್ಸಿಕ್ ಸುರಂಗ ಬಂತು ಎಂದುಕೊಂಡೆ. ಸುರಂಗ ಇನ್ನೂ ಬಂದಿರಲಿಲ್ಲ. ನಮ್ಮ ಗುಂಪಿನ ಒಬ್ಬಳು, ಇಪ್ಪತ್ತು ವರ್ಷದಿಂದ ಅದೇ ಗಾಡಿಯಲ್ಲಿ ಬರುವವಳು, ನಾನು ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಿದ್ದೇನೆಂದು ಗಮನಿಸಿ ಸೆರಗು ಹಿಡಿದು ಒಳಗೆ ಎಳೆದಳು. ಅವಳ ಗಂಡನಿಗೂ ಸಕ್ಕರೆ ಕಾಯಿಲೆ, ಆದ್ದರಿಂದ ತಿಳಿಯಿತು. ಯಾವುದೋ ಕಾಲೇಜು ಹುಡುಗಿಯ ಬ್ಯಾಗಿನಲ್ಲಿದ್ದ ಫ್ರೂಟಿ ಕುಡಿಸಿದರು. ಠಾಣೆಯಲ್ಲಿ ಇಳಿಸಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ, ಅಷ್ಟೆಲ್ಲ ಕುಡಿದ ಮೇಲೂ ಸಕ್ಕರೆ 58 ಇತ್ತು. 70ಕ್ಕಿಂತ ಕೆಳಗೆ ಹೋದರೆ ಅಪಾಯ ಎಂದು ಆ ದಿನ ತಿಳಿಯಿತು. ಬಾಗಿಲಿನಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂದು ನಾನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಈ ಸಂಚಿಕೆ ಓದಿದರೆ ಗೊತ್ತಾಗುತ್ತದೆ.

ನನ್ನ ಡಾಕ್ಟರ್ ಬೈಯಲಿಲ್ಲ. ಮಾತ್ರೆಯ ಪಟ್ಟಿ ಮುಂದೆ ಇಟ್ಟು ವಿವರಿಸಿದರು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಇಷ್ಟು ಕುಸಿಯುವುದು ಅಪರೂಪ. ಆದರೆ ನನ್ನ ಎರಡನೆಯ ಮಾತ್ರೆ ಗ್ಲಿಮೆಪಿರೈಡ್. ಅದು ಊಟ ಬರಲಿ ಬಿಡಲಿ, ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಹೊರಡಿಸುತ್ತದೆ. ಅದನ್ನು ದಿನದ ಮೊದಲ ದೊಡ್ಡ ಊಟದ ಜೊತೆ ನುಂಗಬೇಕು. ನಾನು ಊಟಕ್ಕೆ ಆರೂಮುಕ್ಕಾಲು ಗಂಟೆ ಮೊದಲು ನುಂಗಿ, ಮೇಲಿಂದ ನಡೆದು ಸ್ನಾಯುಗಳಿಗೂ ಸಕ್ಕರೆ ಕುಡಿಸಿದ್ದೆ. ಇನ್ಸುಲಿನ್ ಚುಚ್ಚಿಕೊಳ್ಳುವವರದ್ದೂ ಇದೇ ಕಥೆ. ಅಂಥವರು ಖಾಲಿ ಹೊಟ್ಟೆಯಲ್ಲಿ ನಡೆಯುವ ಮೊದಲು ಡಾಕ್ಟರರನ್ನು ಕೇಳಲೇಬೇಕು. ಜೇಬಿನಲ್ಲಿ ಸಕ್ಕರೆ ಇರಬೇಕು. ನಡುಕ, ಬೆವರು ಬಂದರೆ ಮೂರು ಚಮಚ ಸಕ್ಕರೆ ತಿಂದು, ಹದಿನೈದು ನಿಮಿಷ ಕೂತು ಮತ್ತೆ ಪರೀಕ್ಷಿಸಬೇಕು, ಸುಧಾರಿಸಿದ ಮೇಲೆ ಏನಾದರೂ ಗಟ್ಟಿ ತಿನ್ನಬೇಕು. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ.

ಥೈರಾಯ್ಡ್ ಮಾತ್ರೆಯ ವಿಷಯ ಬೇರೆ. ಅದಕ್ಕೆ ಖಾಲಿ ಹೊಟ್ಟೆ ಬೇಕು, ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಕೂಡ ಕುಡಿಯಬಾರದು. ಹಾಗಾಗಿ ಆ ಮಾತ್ರೆ ನುಂಗಿ ನಡೆಯಲು ಹೊರಟರೆ ಸಮಯ ಸರಿಹೋಗುತ್ತದೆ. ಎರಡು ಮಾತ್ರೆಗೆ ಎರಡು ನ್ಯಾಯ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತದೆಯೇ? ನಡೆಯುವ ಆ ಮುಕ್ಕಾಲು ಗಂಟೆಯಲ್ಲಿ ಹೌದು, ದೇಹ ಕೊಬ್ಬನ್ನು ಸ್ವಲ್ಪ ಹೆಚ್ಚು ಬಳಸುತ್ತದೆ. ಆದರೆ ಉಳಿದ ಇಪ್ಪತ್ತಮೂರು ಗಂಟೆಯಲ್ಲಿ ಅದು ಲೆಕ್ಕ ಸರಿಮಾಡಿಕೊಳ್ಳುತ್ತದೆ. 2014ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ಮಂದಿ ಯುವತಿಯರ ಮೇಲೆ ಇದನ್ನೇ ಪರೀಕ್ಷಿಸಿದರು. ಅರ್ಧ ಜನ ಖಾಲಿ ಹೊಟ್ಟೆಯಲ್ಲಿ, ಅರ್ಧ ಜನ ತಿಂದು, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ. ಇಬ್ಬರಿಗೂ ಊಟದ ಅಳತೆ ಒಂದೇ. ನಾಲ್ಕು ವಾರದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಅಷ್ಟಷ್ಟೇ ಇಳಿದಿದ್ದವು. ಸಣ್ಣ ಪರೀಕ್ಷೆ, ಒಪ್ಪುತ್ತೇನೆ. ಆದರೂ ಬ್ಯಾಂಕಿನವಳಾಗಿ ನನಗೆ ಅದು ಹಿಡಿಸಿತು. ಬೆಳಿಗ್ಗೆ ಯಾವ ಖಾತೆಯಿಂದ ತೆಗೆದಿರಿ ಎಂಬುದಕ್ಕಿಂತ ಸಂಜೆ ಒಟ್ಟು ಬಾಕಿ ಎಷ್ಟು ಎಂಬುದೇ ಮುಖ್ಯ.

ದೀಕ್ಷಿತರು ಎರಡೇ ಊಟ ಎನ್ನುತ್ತಾರೆ. ನಮ್ಮ ಮುಂಬಯಿಯವರೇ ಆದ ಋಜುತಾ ದಿವೇಕರ್ 2009ರ ತಮ್ಮ ಪುಸ್ತಕದಲ್ಲಿ ಎರಡೆರಡು ಗಂಟೆಗೊಮ್ಮೆ ತಿನ್ನಿ, ಎದ್ದ ಕೂಡಲೇ ಚಹಾ ಬೇಡ ಎಂದಿದ್ದರು. ನಮ್ಮ ಲೋಕಲಿನಲ್ಲಿ ಈ ಎರಡು ಪಕ್ಷಗಳ ನಡುವೆ ಚುನಾವಣೆಗಿಂತ ಜೋರಾಗಿ ವಾದ ನಡೆಯುತ್ತಿತ್ತು. ಎರಡರಿಂದಲೂ ಇಳಿದವರನ್ನು ನೋಡಿದ್ದೇನೆ, ಎರಡರಿಂದಲೂ ಏರಿದವರನ್ನೂ ನೋಡಿದ್ದೇನೆ. ದಿವೇಕರ್ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಮೈ ದುಡಿಯುವ ಹೊತ್ತಿನಲ್ಲಿ ಹೆಚ್ಚು ತಿನ್ನಿ, ಕೂತಿರುವ ಹೊತ್ತಿನಲ್ಲಿ ಕಡಿಮೆ ತಿನ್ನಿ. ನಮ್ಮ ದಿನ ಇದಕ್ಕೆ ಸರಿಯಾಗಿ ಉಲ್ಟಾ.

ಸ್ವಲ್ಪ ಲೆಕ್ಕ ಹಾಕೋಣ. ನನ್ನಂಥ ತೂಕದವಳು 45 ನಿಮಿಷ ನಡೆದರೆ ಖರ್ಚಾಗುವುದು ಸುಮಾರು ಇನ್ನೂರು ಕ್ಯಾಲೊರಿ. ಒಂದು ವಡಾಪಾವ್‌ನಲ್ಲಿ ಸುಮಾರು ಮುನ್ನೂರು. ಮಾಟುಂಗಾದ ಫೈವ್ ಗಾರ್ಡನ್ಸಿನಲ್ಲಿ ನಡೆದು, ನೇರವಾಗಿ ಕಿಂಗ್ಸ್ ಸರ್ಕಲಿನ ಕಡೆ ತಿರುಗಿ ನಮ್ಮ ಊರಿನವರ ಹೋಟೆಲಿನಲ್ಲಿ ವಡಾ ಸಾಂಬಾರ್, ಮೇಲೊಂದು ಬೆಣ್ಣೆ ದೋಸೆ, ಫಿಲ್ಟರ್ ಕಾಫಿ ಮುಗಿಸಿ ಬರುವ ಗುಂಪು ಇಲ್ಲೂ ಇದೆ. ನಗುತ್ತಿದ್ದೀರಿ, ನಾನು ಯಾರ ಕಡೆಯೂ ನೋಡುವುದಿಲ್ಲ. ತಿಂಗಳಿಗೊಮ್ಮೆ ಹೋಗಿ, ಖಂಡಿತ ಹೋಗಿ. ದಿನಾ ಹೋದರೆ ನಡೆದದ್ದು ಹೋಟೆಲಿಗೆ ಹೋಗುವ ದಾರಿ ಖರ್ಚು ಅಷ್ಟೇ.

ನನ್ನ ಸಮಸ್ಯೆ ಬೆಳಗಿನದ್ದೇ ಅಲ್ಲ ಎಂದು ಪತ್ತೆಹಚ್ಚಿದವಳು ಡಯಟೀಷಿಯನ್. ಇನ್ನೂ ಮೂವತ್ತು ತುಂಬದ ಹುಡುಗಿ. ಒಂದು ವಾರ ಏನು ತಿಂದಿರಿ ಎಂದಲ್ಲ, ಎಷ್ಟು ಗಂಟೆಗೆ ತಿಂದಿರಿ ಎಂದು ಬರೆದು ತನ್ನಿ ಎಂದಳು. ಬರೆದೆ. ಮಧ್ಯಾಹ್ನ ಒಂದಕ್ಕೆ ಡಬ್ಬಾ. ಐದಕ್ಕೆ ಚಹಾ. ಏಳೂಕಾಲಿಗೆ ಡೊಂಬಿವಲಿ ಸ್ಟೇಷನ್, ಅಲ್ಲಿ ಹಸಿವು ತಡೆಯದೆ ಬಿಸಿ ಭಜಿ. ಅಡುಗೆ ಮಾಡುತ್ತಾ ಎರಡು ಚಪಾತಿ ನಿಂತಲ್ಲೇ, ಬರೆದದ್ದಿಲ್ಲ, ಆಮೇಲೆ ನೆನಪಾಯಿತು. ಊಟ ಹತ್ತೂಕಾಲಿಗೆ. ಹತ್ತೂಮುಕ್ಕಾಲಿಗೆ ಹಾಸಿಗೆ.

"ಆಂಟಿ, ಊಟ ಹತ್ತೂಕಾಲಿಗೆ ಯಾಕೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಯಾಕೆಂದರೆ ಆ ಸಮಯ ನಾನು ಆರಿಸಿದ್ದೇ ಅಲ್ಲ. ಎಂಟಕ್ಕೆ ಅತ್ತೆಯವರಿಗೆ ಗಂಜಿ, ಎಂಟೂವರೆಗೆ ಮಗಳಿಗೆ, ಒಂಬತ್ತೂವರೆಗೆ ಇವರು ಮತ್ತು ಮಗ ಬಂದ ಮೇಲೆ ಅವರಿಗೆ ಬಿಸಿ ಚಪಾತಿ. ಎಲ್ಲ ಮುಗಿದು ಉಳಿದದ್ದು ಕಲಸಿಕೊಂಡು ನಾನು. ಪಾತ್ರೆಯಲ್ಲಿ ಒಂದು ಹಿಡಿ ಅನ್ನ ಉಳಿದರೆ ಅದನ್ನೂ ನಾನೇ, ಬಿಸಾಡಲು ಮನಸ್ಸು ಬರುತ್ತದೆಯೇ? ಮದುವೆಯಾಗಿ ಬಂದ ದಿನದಿಂದ ಹೀಗೇ. ಕುಂದಾಪುರದಲ್ಲಿ ಅಮ್ಮನೂ ಹೀಗೇ ಇದ್ದರು. ಆದರೆ ಅಮ್ಮ ಆ ಹೊತ್ತಿಗೆ ನೀರು ಸೇದಿ, ದನ ನೋಡಿ, ತೋಟ ಸುತ್ತಿರುತ್ತಿದ್ದರು, ಮನೆಯ ಕೊನೆಯ ಊಟವೂ ಎಂಟೂವರೆಗೆ ಮುಗಿದಿರುತ್ತಿತ್ತು. ಅಲ್ಲಿ ಬೆಳಿಗ್ಗೆ ಬೆಲ್ಲ, ಚಾ ಕುಡಿದು ಗದ್ದೆಗೆ ಇಳಿದವರು ಗಂಜಿ ಉಣ್ಣುತ್ತಿದ್ದದ್ದು ಅರ್ಧ ಕೆಲಸ ಮುಗಿದ ಮೇಲೆ. ವ್ಯಾಯಾಮಕ್ಕೂ ಊಟಕ್ಕೂ ಸಮಯ ಹೊಂದಿಸುವ ಪ್ರಶ್ನೆ ಅವರಿಗೆ ಹುಟ್ಟಲೇ ಇಲ್ಲ.

ಮನೆಯಲ್ಲಿ ಹೇಳಿದೆ: ನಾನು ಎಂಟಕ್ಕೆ ಅತ್ತೆಯವರ ಜೊತೆ ಉಣ್ಣುತ್ತೇನೆ, ಚಪಾತಿ ಹಾಟ್‌ಪಾಟಿನಲ್ಲಿ ಇರುತ್ತದೆ. ಇವರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನಗೆ ಅಚ್ಚರಿಯಾದದ್ದು ಅತ್ತೆಯವರದ್ದು. "ಇಷ್ಟು ವರ್ಷ ನಾನೊಬ್ಬಳೇ ಉಣ್ತಿದ್ದೆ ಮಾರಾಯ್ತಿ, ಈಗ ಜೊತೆ ಆಯ್ತು" ಎಂದರು. ನಾನು ಅವರನ್ನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಎದುರು ಕೂತು ಉಂಡದ್ದೇ ಇರಲಿಲ್ಲ.

ಇನ್ನೊಂದು ಬದಲಾವಣೆ ಸಂಜೆಯದು. ಐದೂವರೆಗೆ ಬ್ಯಾಂಕು ಬಿಡುವ ಮೊದಲು ಒಂದು ಮುಷ್ಟಿ ಹುರಿಗಡಲೆ, ಇಲ್ಲವಾದರೆ ಬೇಯಿಸಿದ ಹೆಸರುಕಾಳು, ಒಂದು ಪೇರಳೆ. ಸ್ಟೇಷನ್ನಿನ ಭಜಿ ತಾನಾಗಿ ನಿಂತಿತು. ಮನಸ್ಸು ಗಟ್ಟಿಯಾಗಿ ನಿಂತದ್ದಲ್ಲ, ಹಸಿವಿರಲಿಲ್ಲ.

ಊಟದ ನಂತರದ ನಡಿಗೆ ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಮೈದಾನಕ್ಕೆ ಬೀಗ, ಸೊಸೈಟಿಯ ಟೆರೇಸೊಂದೇ ಗತಿ. ಅತ್ತೆಯವರನ್ನು ಮಲಗಿಸಿ ಎಂಟೂವರೆಗೆ ಹದಿನೈದು ನಿಮಿಷ ಟೆರೇಸ್ ಸುತ್ತುತ್ತಿದ್ದೆ. ಗ್ಲುಕೋಮೀಟರ್ ಇತ್ತಲ್ಲ, ಲೆಕ್ಕ ನೋಡುವ ಚಟ. ಊಟ ಮಾಡಿ ಕೂತ ದಿನ ಎರಡು ಗಂಟೆಯ ಮೇಲೆ 210ರ ಆಸುಪಾಸು, ಅದೇ ಊಟ ಮಾಡಿ ನಡೆದ ದಿನ 170ರ ಆಸುಪಾಸು. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಆದರೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅರವತ್ತು ದಾಟಿದವರಲ್ಲಿ ಇಂಥದ್ದನ್ನೇ ಕಂಡಿದೆ: ಮೂರು ಊಟದ ನಂತರ ಹದಿನೈದು ಹದಿನೈದು ನಿಮಿಷ ನಡೆದರೆ ರಾತ್ರಿ ಊಟದ ನಂತರ ಏರುವ ಸಕ್ಕರೆ ಚೆನ್ನಾಗಿ ತಗ್ಗುತ್ತದೆ, ಒಂದೇ ಸಲ 45 ನಿಮಿಷ ನಡೆದದ್ದಕ್ಕಿಂತ ಹೆಚ್ಚು. ಮಂಡಿನೋವಿನವರಿಗೆ, ಅಡುಗೆಮನೆ ಬಿಟ್ಟು ಒಂದೇ ಸಲ ಮುಕ್ಕಾಲು ಗಂಟೆ ಸಿಗದವರಿಗೆ ಇದು ದೊಡ್ಡ ಅನುಕೂಲ. ಬಿರುಸು ಬೇಡ, ಊಟದ ಮೇಲೆ ಓಡಿದರೆ ಹೊಟ್ಟೆ ತೊಳಸುತ್ತದೆ, ಆಮ್ಲಪಿತ್ತದವರಿಗೆ ಎದೆ ಉರಿಯುತ್ತದೆ. ಬಿರುಸು ನಡಿಗೆ, ಜಿಮ್ಮು ಇವುಗಳಿಗೆ ದೊಡ್ಡ ಊಟದ ಮೇಲೆ ಎರಡು ಗಂಟೆಯಾದರೂ ಬಿಡಿ.

ಜಿಮ್ಮಿಗೆ ಹೋಗುವ ಕಿರಿಯ ಸೊಸೆಯಂದಿರು ಕೇಳುತ್ತಿದ್ದಾರೆ, ವರ್ಕೌಟ್ ಮುಗಿದ ಕೂಡಲೇ ಪ್ರೋಟೀನ್ ಕುಡಿಯದಿದ್ದರೆ ವ್ಯರ್ಥವೇ ಎಂದು. ಇಲ್ಲ, ಗಡಿಯಾರ ಅಷ್ಟು ಕಟ್ಟುನಿಟ್ಟಲ್ಲ. ಮುಂದಿನ ಒಂದೆರಡು ಗಂಟೆಯ ಊಟದಲ್ಲಿ ಬೇಳೆ, ಮೊಸರು, ಮೊಟ್ಟೆ, ಮೀನು ಇದ್ದರೆ ಆಯಿತು. ದಿನದ ಒಟ್ಟು ಮುಖ್ಯ. ತೂಕದ ಪ್ರತಿ ಕಿಲೋಗೆ ಸುಮಾರು 0.83 ಗ್ರಾಂ ಎಂದು ನಮ್ಮ ದೇಶದ ಶಿಫಾರಸು. ಅರವತ್ತು ಕಿಲೋದವಳಿಗೆ 50 ಗ್ರಾಂ. ತಿಳಿಸಾರು ಅನ್ನ ಉಣ್ಣುವ ನಮಗೆ ಅದು ಅರ್ಧವೂ ಸಿಗುವುದು ಕಷ್ಟ.

ಸಂಕಷ್ಟಿ, ಏಕಾದಶಿಯ ದಿನ ನಾನು ಬಿರುಸಾಗಿ ನಡೆಯುವುದಿಲ್ಲ. ಮಾತ್ರೆಯ ಬಗ್ಗೆ ಡಾಕ್ಟರ್ ಹೇಳಿದಂತೆ ಮಾಡುತ್ತೇನೆ. ಇನ್ನು ಸಾಬುದಾಣಾ ಖಿಚಡಿ ಉಪವಾಸವೇ ಅಲ್ಲ, ಹಬ್ಬ. ಅದನ್ನು ಒಪ್ಪಿಕೊಂಡರೆ ಅರ್ಧ ಗೆದ್ದಂತೆ.

ನನ್ನ ತೂಕ ಈಗ 70. ಎರಡೂವರೆ ವರ್ಷ ಹಿಡಿಯಿತು. ಎದುರುಮನೆ ವಹಿನಿಯ ಆರು ಕಿಲೋ ಎರಡೇ ತಿಂಗಳಲ್ಲಿ ಇಳಿದಿತ್ತು, ಹಾಗಾಗಿ ನನ್ನದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಡಾಕ್ಟರ್ ಗ್ಲಿಮೆಪಿರೈಡ್ ನಿಲ್ಲಿಸಿದ್ದಾರೆ. ಬೆಳಿಗ್ಗೆ ನಡಿಗೆಗೆ ಮೊದಲು ಅರ್ಧ ಬಾಳೆಹಣ್ಣು ತಿನ್ನುತ್ತೇನೆ, ಬಂದು ಒಂದು ಗಂಟೆಯೊಳಗೆ ತಿಂಡಿ. ಅತ್ತೆಯವರು ಹೋಗಿ ಎರಡು ವರ್ಷವಾಯಿತು. ಎಂಟಕ್ಕೆ ಈಗ ಇವರೂ ನನ್ನ ಜೊತೆ ಕೂರುತ್ತಾರೆ, ಚಪಾತಿ ಬಿಸಿ ಇಲ್ಲ ಎಂದು ಒಮ್ಮೊಮ್ಮೆ ಹೇಳುತ್ತಾರೆ.

ಕಾರ್ಯದರ್ಶಿಯವರು ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದಾರೆ, ಉಪ್ಪಿಟ್ಟು ಬಂದಿದೆಯಂತೆ. ಸಕ್ಕರೆ ಮಾತ್ರೆ ನುಂಗಿ ಬಂದವರು ದಯವಿಟ್ಟು ಸಾಲಿನಲ್ಲಿ ಮುಂದೆ ಹೋಗಿ, ನಮಗೆ ಆಮೇಲೆ ಕೊಡಲಿ.