ಸಮ್ಮೇಳನಕ್ಕೆ ಹೊರಟ ವಾರ್ಡಿನ ಸದಸ್ಯೆ



ಬೆಂಗಳೂರಿನ ಒಂದು ವಾರ್ಡಿನಿಂದ ಆರಿಸಿಬಂದ ಸದಸ್ಯೆಯೊಬ್ಬರು ನಗರ ಸಮಸ್ಯೆಗಳ ಸಮ್ಮೇಳನಕ್ಕೆ ಹೊರಟಿದ್ದಾರೆ ಎಂದುಕೊಳ್ಳಿ. ಅಲ್ಲಿ ನೀರಿನ ಮಾತು ಬಂದೇ ಬರುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ಸಾಗಿ, ಸುಮಾರು 500 ಮೀಟರು ಮೇಲೇರಿ ಊರು ಸೇರಬೇಕು. ಭೌತಶಾಸ್ತ್ರ ಓದುವವರು ಲೆಕ್ಕ ಹಾಕಿ ನೋಡಿ: ಸಾವಿರ ಲೀಟರು ನೀರನ್ನು ಅಷ್ಟೆತ್ತರಕ್ಕೆ ಎತ್ತಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಕೊಳವೆಗಳಲ್ಲಾಗುವ ನಷ್ಟ ಬೇರೆ!

ಈ ಖರ್ಚು ತಗ್ಗಿಸಲು ನೀವೇನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅವರು ತಡವರಿಸಬೇಕಾಗುತ್ತದೆ. 1964ರಿಂದ ಬೆಂಗಳೂರಿನ ನೀರಿನ ಹೊಣೆ ಜಲಮಂಡಲಿಯದು, ಪಾಲಿಕೆಯದಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ 12ನೆಯ ಅನುಸೂಚಿಯ 18 ಬಾಬುಗಳಲ್ಲಿ ನೀರು ಪೂರೈಕೆಯೂ ಇದೆ. ಆದರೆ ರಾಜ್ಯವು ಇವನ್ನು ನಗರಾಡಳಿತಕ್ಕೆ ವಹಿಸಬಹುದು ಎಂದಿದೆಯೇ ಹೊರತು ವಹಿಸಲೇಬೇಕು ಎಂದಿಲ್ಲ.

ನೀರು ಬಾರದ ದಿನ ಕೊಡ ಹಿಡಿದವರು ಬಂದು ನಿಲ್ಲುವುದು ಮಾತ್ರ ಈ ಸದಸ್ಯೆಯ ಮನೆ ಬಾಗಿಲಲ್ಲೇ. ಸಮ್ಮೇಳನದಲ್ಲಿ ಅವರು ಆಡಬೇಕಾದ ಮಾತು ಅದೇ. ಆದರೆ ಚಿತ್ರೀಕರಣಕ್ಕೆ ಹೋದಾಗ ನಾನು ಕಂಡಂತೆ, ಇಂಥ ಸಭೆಗಳಲ್ಲಿ ವಾರ್ಡಿನವರ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.